ಅಥಣಿಗೆ ಒಯ್ದ ಕಾರು

ಇದರಲ್ಲಿ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ವರ್ಷ ಎಂಬತ್ತೆಂಟೋ ಎಂಬತ್ತೊಂಬತ್ತೋ ಖಚಿತವಿಲ್ಲ. ಕಬ್ಬು ಕಡಿಯುವ ಕಾಲ ಎನ್ನುವುದು ಮಾತ್ರ ನಿಜ. ಧಾರವಾಡದಲ್ಲಿ ಎಂ.ಎ. ಮುಗಿಸಿದ್ದ ನನಗೆ ಕಾರಣ ಸಿಗದ ಇಂಥ ಕಥೆಗಳಲ್ಲಿ ನಂಬಿಕೆ ಇರಲಿಲ್ಲ. ಯಾರಾದರೂ ಹೇಳತೊಡಗಿದರೆ, ಆಗ ಇವರು ಎಷ್ಟು ದಣಿದಿದ್ದರೋ, ಆಮೇಲೆ ಎಷ್ಟು ಸೇರಿಸಿದರೋ ಎಂದು ಒಳಗೊಳಗೇ ತೂಗುತ್ತಿದ್ದೆ. ಈಗ ಅದೇ ಅನುಮಾನವನ್ನು ನನ್ನ ಮೇಲೆ ತಿರುಗಿಸಿಕೊಂಡೇ ಬರೆಯುತ್ತಿದ್ದೇನೆ.

ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ನನ್ನ ಕಾಕಾ, ಅಂದರೆ ತಂದೆಯ ತಮ್ಮ, ಹಳೆಯದೊಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಇಟ್ಟಿದ್ದರು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಕಡುಹಸಿರು ಬಣ್ಣ. ಅದರಲ್ಲಿ ಕೂತರೆ ರಸ್ತೆ ಕೈಗೆ ಸಿಗುವಷ್ಟು ಹತ್ತಿರ. ಎದುರು ಬರುವ ಚಕ್ಕಡಿಯ ಗಾಲಿಯೂ ನಮಗಿಂತ ಎತ್ತರ. ಕಾಕಾ ತಂಬಾಕು ಕೂಡಿಡುತ್ತಿದ್ದ ವಖಾರಿಯ ಘಾಟು ಹಿಂದೆ ಬಿದ್ದು, ಚಿಕ್ಕೋಡಿ ದಾರಿಯಲ್ಲಿ ಬೆಲ್ಲ ಕುದಿಯುವ ವಾಸನೆ ಮುಖಕ್ಕೆ ಬಡಿಯುವಾಗಿನ ಸುಖವನ್ನು ಆಮೇಲೆ ಯಾವ ಕಾರೂ ಕೊಟ್ಟಿಲ್ಲ. ಗೇರು ಮಾತ್ರ ಹಟಮಾರಿ. ಕೆಳಗಿನ ಗೇರಿಗೆ ಇಳಿಸಲು ಕ್ಲಚ್ಚನ್ನು ಎರಡು ಸಲ ಒತ್ತಬೇಕು, ನಡುವೆ ಎಂಜಿನ್ನಿಗೆ ಚೂರು ವೇಗ ಕೊಡಬೇಕು. ನಾನು ಹಾಕಿದಾಗಲೆಲ್ಲ ಕರಕರ ಎನ್ನುತ್ತಿತ್ತು. ಆಗ ಪಕ್ಕದಲ್ಲಿ ಕೂತ ಕಾಕಾ ತಮ್ಮ ಬಲಗೈಯನ್ನು ನನ್ನ ಎಡಗೈ ಮೇಲಿಟ್ಟು ಗೇರು ಇಳಿಸುತ್ತಿದ್ದರು. "ಅದರ ಹಲ್ಲ ಉದರಸ್ತಿ ನೋಡ ಬೇ! ಎಂ.ಎ. ಮಾಡ್ಯಾಳಂತ, ಎಂ.ಎ.! ಎಮ್ಮಿ ಕಾಯಾಕ ಹೋಗು."

ಮುಂದೆ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಕಾರು ವಖಾರಿಯಲ್ಲಿ ನಿಂತಿತು. "ಇಲ್ಲೇ ಇಟ್ರ ಅದರಾಗ ಇಲಿ ಬಾಣಂತನ ಮಾಡ್ಕೋತಾವ," ಎಂದು ಕಾಕೂ, ಅವರ ಹೆಂಡತಿ, ಅದನ್ನು ಅಥಣಿಯ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಕೊಡಲು ಒಪ್ಪಿದರು. ಕಾಕಾಗೆ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡರು. ಅದು ಹೂಂ ಎಂದೋ, ಬ್ಯಾಡ ಎಂದೋ ಯಾರಿಗೂ ತಿಳಿಯಲಿಲ್ಲ. ಮನೆಯಲ್ಲಿ ಆ ಕಾರು ಓಡಿಸಬಲ್ಲವಳು ನಾನೊಬ್ಬಳೇ. ಅವರ ಜೀವದಂಥ ಗಾಡಿಯನ್ನು ಅವರ ಮನಸ್ಸಿಗೆ ವಿರುದ್ಧವಾಗಿ ಒಯ್ಯುತ್ತಿದ್ದೇನೋ ಎಂಬ ತಳಮಳ ಹೊರಟಾಗಿನಿಂದ ಬಿಡಲಿಲ್ಲ.

ಮಧ್ಯಾಹ್ನ ಹೊರಟೆ. ಚಿಕ್ಕೋಡಿಯಲ್ಲಿ ಎಂಜಿನ್ ಕಾದು, ನೀರು ಹಾಕಿಸಿ, ಆರುವ ತನಕ ಕಾಯಬೇಕಾಯಿತು. ರಾಯಬಾಗ ದಾಟಿದಾಗ ಹೊತ್ತು ಮುಳುಗುತ್ತಿತ್ತು. ಎರಡೂ ಕಡೆ ಕಬ್ಬು, ರಸ್ತೆ ಖಾಲಿ. ಸಾಕಷ್ಟು ವೇಗವಾಗಿಯೇ ಹೋಗುತ್ತಿದ್ದೆ. ಕುಡಚಿಗೆ ಮುಂಚೆ ಒಂದು ತಿರುವು ಹತ್ತಿರವಾಗುತ್ತಿದ್ದಾಗ, ಗೇರಿನ ಮೇಲಿದ್ದ ನನ್ನ ಎಡಗೈ ಮೇಲೆ ಭಾರ ಬಿತ್ತು. ಭಾರ ಮತ್ತು ಬಿಸಿ, ಅಷ್ಟೇ. ಗೇರು ಕೆಳಗಿಳಿಯಿತು, ಸದ್ದೇ ಇಲ್ಲದೆ. ತಕ್ಷಣ ಇನ್ನೊಂದು ಇಳಿಯಿತು. ಇಳಿಸಬೇಕೆಂದು ನಾನು ಎಣಿಸಿರಲಿಲ್ಲ. ನನ್ನ ಕಾಲು ಕ್ಲಚ್ ಒತ್ತಿರಲೇಬೇಕು; ಒತ್ತಿದ ನೆನಪಿಲ್ಲ.

ತಿರುವಿನಾಚೆ ರಸ್ತೆಯ ಮೇಲೆ ಕಲ್ಲುಗಳ ಸಾಲು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಕಬ್ಬಿನ ಟ್ರೇಲರ್ ಕೆಟ್ಟು ನಿಂತರೆ, ಹಿಂದೆ ಬರುವವರಿಗೆ ತಿಳಿಯಲೆಂದು ಸುತ್ತ ದಪ್ಪ ಕಲ್ಲು ಇಡುತ್ತಾರೆ. ದುರಸ್ತಿಯಾದ ಮೇಲೆ ಟ್ರೇಲರ್ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತವೆ. ನೆಲಕ್ಕೆ ಅಂಟಿಕೊಂಡಂಥ ಈ ಕಾರು ಮೊದಲಿನ ವೇಗದಲ್ಲೇ ಬಂದಿದ್ದರೆ ಪಲ್ಟಿಯಾಗುತ್ತಿತ್ತು. ಕಲ್ಲಿಗೆ ಮುಟ್ಟುವ ಮೊದಲೇ ನಿಂತೆ. ಇಳಿದು ಕಲ್ಲುಗಳನ್ನು ಬದಿಗೆ ಉರುಳಿಸಿದೆ. ಮತ್ತೆ ಹತ್ತಿದಾಗ ಪಕ್ಕದ ಸೀಟಿನ ಕಡೆ ನೋಡಲು ಧೈರ್ಯವಾಗಲಿಲ್ಲ. ಅಥಣಿ ಮುಟ್ಟುವ ತನಕವೂ ನೋಡಲಿಲ್ಲ.

"ಏನ್ರಿ ತಂಗೀ, ಒಬ್ಬಾಕಿನ ಬಂದ್ರ್ಯಾ?" ಎಂದು ದ್ರಾಕ್ಷಿ ಬೆಳೆಗಾರರು ಬಾಗಿಲಲ್ಲೇ ಕೇಳಿದರು. "ಈ ಗಾಡ್ಯಾಗ ದ್ರಾಕ್ಷಿ ಬುಟ್ಟಿ ಒಂದೂ ಹಿಡಿಯಂಗಿಲ್ಲ ಅಂತ ನಮ್ಮಾಕಿ ಬೈಯಾಕತ್ಯಾಳ. ಏನ್ಮಾಡೂದ್ರಿ, ಮನಸ ಕೇಳವಲ್ದು." ಒಬ್ಬಳೇ ಬಂದೆ ಎನ್ನುವ ಬದಲು ನಾನು ಕಾರಿನ ಕೀಲಿಯನ್ನು ಅವರ ಕೈಗಿಟ್ಟೆ.

ಮರುದಿನ ಬಸ್ಸಿನಲ್ಲಿ ನಿಪ್ಪಾಣಿಗೆ ಮರಳಿದೆ. ಹಿಂದಿನ ಸಂಜೆ ದೀಪ ಹಚ್ಚುವಾಗ ಕಾಕಾರ ಬಿದ್ದುಹೋದ ಬಲಗೈ ಎದ್ದಿತ್ತೆಂದು ಕಾಕೂ ಹೇಳಿದರು. "ಹಾಸಿಗಿ ಮ್ಯಾಲಿಂದ ಎದ್ದು ಎರಡ ಸಲ ಹಿಂಗ ಜಗ್ಗಿತವಾ. ಕಣ್ಣಾರೆ ನೋಡೇನಿ." ನರಗಳು ಒಮ್ಮೊಮ್ಮೆ ಹಾಗೆ ಎಳೆಯುತ್ತವೆ ಎಂದರು ಡಾಕ್ಟರು. ಕಾಕಾ ಬದುಕಿರುವವರೆಗೆ ಆ ಕೈ ಮತ್ತೆ ಎದ್ದದ್ದಿಲ್ಲ.

ನಾನೂ ದಾರಿಯ ಸಂಗತಿ ಕಾಕೂಗೆ ಹೇಳಿದೆ. ಆದರೆ ಮೊದಲು ಹೇಳಿದ್ದು ನಾನೋ, ಅವರೋ? ಒಂದು ಹಾಳೆಯಲ್ಲಿ ತಾರೀಖಿಲ್ಲದೆ ಇದನ್ನು ಬರೆದಿಟ್ಟದ್ದು ಕೆಲವು ದಿನ ಕಳೆದ ಮೇಲೆ, ಆಗ ಎರಡೂ ಕಥೆ ಒಂದರೊಳಗೊಂದು ಸೇರಿಬಿಟ್ಟಿದ್ದವು. ಅವರು ಮೊದಲು ಹೇಳಿದ್ದರೆ, ನನ್ನ ಕೈಮೇಲಿನ ಭಾರ ಅವರ ಮಾತಿನಿಂದಲೇ ಹುಟ್ಟಿರಬಹುದು. ನಾನು ಮೊದಲು ಹೇಳಿದ್ದರೆ, ನನ್ನ ಸಮಾಧಾನಕ್ಕೋ ತಮ್ಮ ಸಮಾಧಾನಕ್ಕೋ ಅವರು ಆ ಕೈಯನ್ನು ಎಬ್ಬಿಸಿರಬಹುದು. ಎರಡೂ ನಿಜವಾಗಿದ್ದರೆ ಮಾತ್ರ ಕಾಕಾ ತಮ್ಮ ಕಾರನ್ನು ತಾವೇ ಬಂದು ಮುಟ್ಟಿಸಿಕೊಟ್ಟರು ಎಂದು ನಾನು ನೆಮ್ಮದಿಯಾಗಿರಬಹುದು.

ಹೋದ ಸಲ ನಿಪ್ಪಾಣಿಗೆ ಹೋದಾಗ ಕಾಕೂ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಅವರಿಗೂ ಈಗ ವಯಸ್ಸಾಗಿದೆ. ಎದುರಿಗೆ ಕೂತು ಕೇಳಿಯೇಬಿಟ್ಟೆ: "ಕಾಕೂ, ಅವತ್ತ ಕೈ ಮಾತ ಮೊದಲ ಯಾರ ತಗದ್ರು? ನೀವೋ, ನಾನೋ?"

ಅವರ ಬೆರಳು ನಿಂತವು. "ಅದನ್ನ ನಾನೂ ನಿನಗ ಕೇಳಬೇಕಂತ ಮಾಡಿದ್ದೆ ನೋಡವಾ," ಎಂದರು. ಆಮೇಲೆ ಇನ್ನೊಂದು ಹಣ್ಣು ಎತ್ತಿಕೊಂಡು ಬೀಜ ಬಿಡಿಸತೊಡಗಿದರು.