ಕೇಸರಿಭಾತಿಗೆ ಗೋಡಂಬಿ ಹೆಚ್ಚಾದ ದಿನ

ನಾನು ಫುಟ್‌ಬಾಲ್ ಕಲಿತದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ನಮ್ಮ ಯಜಮಾನರು ಬೆಂಗಳೂರಿನಲ್ಲಿ ತಮ್ಮ ಫ್ಯಾಕ್ಟರಿಯ ಟೀಮಿಗೆ ಗೋಲ್‌ಕೀಪರ್ ಆಗಿದ್ದರು. ಪಂದ್ಯ ನೋಡಲು ನಮ್ಮ ಕ್ವಾರ್ಟರ್ಸಿನ ಹೆಂಗಸರು ಯಾರೂ ಹೋಗುತ್ತಿರಲಿಲ್ಲ. ಪಂದ್ಯವೇ ನಮ್ಮ ಮನೆಗೆ ಬರುತ್ತಿತ್ತು, ಬಕೆಟ್ಟಿನಲ್ಲಿ. ಕೆಮ್ಮಣ್ಣು ಯಾವಾಗಲೂ ಬಲಗಡೆಗೇ ಇರುತ್ತಿತ್ತು. ಬಲ ಮೊಣಕೈ, ಬಲ ಪಕ್ಕೆ, ಬಲ ತೊಡೆ. ಎಡಗಡೆ ನೋಡಿದರೆ ಅಂಗಡಿಯಿಂದ ಆಗಷ್ಟೇ ತಂದ ಹಾಗೆ.

"ನೀವು ಎಡಕ್ಕೆ ಬೀಳೋದೇ ಇಲ್ವಲ್ಲ. ಎದುರಿನವರಿಗೆ ಗೊತ್ತಾದ್ರೆ ಆ ಕಡೇಗೇ ಹೊಡೀತಾರೆ" ಎಂದು ಒಂದು ದಿನ ಹೇಳಿದೆ.

"ನಿಂಗೇನು ಗೊತ್ತು? ಸುಮ್ನೆ ಒಗಿ."

ಮುಂದಿನ ಭಾನುವಾರ ಎರಡು ಗೋಲು ಎಡಕ್ಕೇ ಹೋದವಂತೆ. ಎರಡು ದಿನ ನನ್ನ ಜೊತೆ ಮಾತಿಲ್ಲ, ನಾನೇ ಹೋಗಿ ಹೊಡೆದ ಹಾಗೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದಿ ಬರೆಯಲು ಬರುತ್ತದೆ, ಅಂಕಿ ಗೊತ್ತಾಗುತ್ತದೆ, ಕೊಳೆಬಟ್ಟೆ ನೋಡಿದರೆ ಹಾಕಿಕೊಂಡವರು ಏನು ಮಾಡಿದ್ದಾರೆಂದು ತಿಳಿಯುತ್ತದೆ. ಯಜಮಾನರು ಹೋದ ಮೇಲೆ ಇಷ್ಟೇ ವಿದ್ಯೆ ಕಟ್ಟಿಕೊಂಡು ಸಿಡ್ನಿಗೆ, ಮಾರ್ಸ್ಡನ್ ಪಾರ್ಕಿನಲ್ಲಿದ್ದ ಮಗಳ ಮನೆಗೆ ಬಂದೆ. ಮೊಮ್ಮಗಳು ಒಬ್ಬಳೇ. ಅವಳು ಮೈದಾನದಲ್ಲಿ ಇರುವ ಜಾಗವನ್ನೆಲ್ಲ ಬಿಟ್ಟು ತಾತನ ಜಾಗವನ್ನೇ ಹಿಡಿದಳು. ತಾತನನ್ನು ಅವಳು ಕಂಡವಳೇ ಅಲ್ಲ.

ಅವಳಿಗೆ ಬೀಳುವುದನ್ನು ಕಲಿಸಿದವನು ಎರಡು ಬೀದಿ ಆಚೆಯ ಒಬ್ಬ ಹುಡುಗ. ಅವನೂ ಗೋಲ್‌ಕೀಪರ್, ಅವಳಿಗಿಂತ ಮೂರು ವರ್ಷ ದೊಡ್ಡವನು. ಭಾನುವಾರ ಭಾನುವಾರ ಚಿಕ್ಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೀಳಿಸುತ್ತಿದ್ದ. ಆಮೇಲೆ ನಮ್ಮ ಮನೆಗೆ ಬಂದು ಕೇಸರಿಭಾತು ತಿನ್ನುತ್ತಿದ್ದ. ಅದನ್ನು ಅವನು ಆರೆಂಜ್ ಕೇಕ್ ಅನ್ನುತ್ತಿದ್ದ. ನಾನು ತಿದ್ದಲಿಲ್ಲ. ತಟ್ಟೆ ಖಾಲಿ ಮಾಡುವವನು ಏನು ಬೇಕಾದರೂ ಅನ್ನಲಿ. ಹದಿನೇಳು ತುಂಬಿದ ಮೇಲೆ ಅವನ ತಾತ ಹುಟ್ಟಿದ ದೇಶದ ಪಾಸ್‌ಪೋರ್ಟ್ ಮಾಡಿಸಿಕೊಂಡು ಯುರೋಪಿಗೆ ಹೋದ. ಅಲ್ಲಿಯ ಒಂದು ದೊಡ್ಡ ಕ್ಲಬ್ಬು ತನ್ನ ಹುಡುಗರ ಟೀಮಿಗೆ ಅವನನ್ನು ತೆಗೆದುಕೊಂಡಿತು. ಗೋಲ್‌ಕೀಪರನ್ನು ಇಲ್ಲಿ ಗೋಲಿ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅವನಿಗೆ 'ನಮ್ಮ ಗೋಲಿ' ಎಂದೇ ಹೆಸರು.

ಅವನು ಹೋದ ವರ್ಷವೇ ನಮ್ಮವಳಿಗೆ ಪೆಟ್ಟು ಬಿತ್ತು. ಅವಳ ಕ್ಲಬ್ಬಿನ ಸೆಮಿಫೈನಲ್ಲು, ಪೆನಾಲ್ಟಿವರೆಗೆ ಹೋಯಿತು. ಕೊನೆಯ ಚೆಂಡು ಎಡಕ್ಕೆ ಬಂತು. ನಮ್ಮ ಹುಡುಗಿ ನಿಂತಲ್ಲೇ ನಿಂತಳು. ಕಾರ್ ನಿಲ್ಲಿಸುವ ಜಾಗದಲ್ಲಿ ಅವಳ ಟೀಮಿನವಳೇ ಒಬ್ಬಳು "ಸ್ಟ್ಯಾಚ್ಯೂ" ಅಂದಳಂತೆ. ಮನೆಗೆ ಬಂದು ಅಂಗಿ ಬಿಸಾಡಿದಳು. ಎತ್ತಿಕೊಂಡು ನೋಡಿದೆ. ಬಲಗಡೆ ಮಣ್ಣು, ಎಡಗಡೆ ಶುದ್ಧ.

"ಥೇಟ್ ನಿಮ್ಮ ತಾತ" ಅಂದೆ. "ನೀನೂ ಎಡಕ್ಕೆ ಬೀಳಲ್ಲ."

ಇದ್ದದ್ದನ್ನು ಹೇಳಿದ್ದೆ. ಆದರೆ ಹೇಳುವ ಹೊತ್ತು ಅದಲ್ಲ. ಅವಳು ಕೈಗವಸನ್ನು ಒಂದು ಚೀಲಕ್ಕೆ ತುಂಬಿ ಗರಾಜಿಗೆ ಎಸೆದಳು. ಇನ್ನು ಆಡುವುದಿಲ್ಲ ಅಂದಳು.

"ಅಮ್ಮಾ, ನಿಂಗೆ ಬಾಯಿ ಸ್ವಲ್ಪ ಹಿಡಿದಿಟ್ಕೊಳ್ಳಕ್ಕೆ ಆಗಲ್ವಾ?" ಎಂದು ಮಗಳು ಬೈದಳು. ಬೈಸಿಕೊಂಡೆ. ತಿಂಗಳುಗಟ್ಟಲೆ ಆ ಚೀಲ ಅಲ್ಲೇ ಬಿದ್ದಿತ್ತು. ಗರಾಜು ಗುಡಿಸುವಾಗಲೆಲ್ಲ ಅದರ ಸುತ್ತ ಗುಡಿಸುತ್ತಿದ್ದೆ.

ಆಡುವುದು ಬಿಟ್ಟರೂ ನೋಡುವುದು ಬಿಟ್ಟಿರಲಿಲ್ಲ. ಯುರೋಪಿನ ದೊಡ್ಡ ಕ್ಲಬ್ಬುಗಳು ತಮ್ಮ ಹತ್ತೊಂಬತ್ತರ ಒಳಗಿನ ಹುಡುಗರನ್ನು ಆಡಿಸುವ ಪಂದ್ಯಾವಳಿ ಒಂದಿದೆ. ನಮ್ಮ ಗೋಲಿಯ ಟೀಮು ಅದರಲ್ಲಿ ಹದಿನಾರು ಟೀಮುಗಳ ನಾಕೌಟಿಗೆ ಬಂತು. ಅಲ್ಲಿಂದ ಮುಂದೆ ಸೋತವರು ಮನೆಗೆ. ಆಟ ಸಮವಾದರೆ ಹೆಚ್ಚಿನ ಹೊತ್ತು ಆಡಿಸುವುದಿಲ್ಲ, ನೇರ ಪೆನಾಲ್ಟಿ.

ಅವರು ಆಡುವ ಹೊತ್ತಿಗೆ ನಮಗೆ ನಿದ್ದೆಯ ಹೊತ್ತು. ಹಾಗಾಗಿ ಬೆಳಗ್ಗೆ ಐದೂವರೆಗೆ ಎದ್ದು, ಸ್ಕೂಲಿಗೆ ಹೋಗುವ ಮುಂಚೆ ಟ್ಯಾಬಿನಲ್ಲಿ ರೆಕಾರ್ಡಿಂಗ್ ನೋಡಬೇಕು. ತೊಂದರೆ ಏನೆಂದರೆ ಟ್ಯಾಬು ತೆರೆದ ಕೂಡಲೇ ಯಾರು ಗೆದ್ದರೆಂದು ಅಂಕಿ ಕಾಣುತ್ತದೆ. ಅದನ್ನು ದಾಟಿ ಆಟವನ್ನು ಮೊದಲಿಗೆ ತಂದು ನಿಲ್ಲಿಸಲು ಮನೆಯಲ್ಲಿ ಒಬ್ಬರು ಬೇಕು. ಅಳಿಯಂದಿರಿಗೆ ಕೊಟ್ಟರೆ ಮುಖದಲ್ಲೇ ಗೊತ್ತಾಗುತ್ತದೆ. ಮಗಳಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಾಲ್ಕೂವರೆಗೆ ಏಳುವ ನಾನೇ ಸಿಕ್ಕಿದೆ.

"ಅಜ್ಜಿ, ಯುವರ್ ಫೇಸ್ ಈಸ್ ಲೈಕ್ ಅ ವಾಲ್. ಪರ್ಫೆಕ್ಟ್" ಅಂದಳು ಮೊಮ್ಮಗಳು.

ಮುಖ ಗೋಡೆಯ ಹಾಗಿದೆ ಅಂದರೆ ಹೊಗಳಿಕೆಯೋ ಬೈಗುಳವೋ ಕೇಳಲಿಲ್ಲ.

ಕೆಲಸ ಅಚ್ಚುಕಟ್ಟಾಗಿ ಮಾಡಿದೆ. ಆಟ ಎಷ್ಟು ಹೊತ್ತಿನದು ಎಂದು ಕೆಳಗೆ ಮೂಲೆಯಲ್ಲಿ ತೋರಿಸುತ್ತದಲ್ಲ, ಉದ್ದವಿದ್ದರೆ ಪೆನಾಲ್ಟಿ ಆಗಿದೆ ಎಂದು ತಿಳಿದುಹೋಗುತ್ತದೆ. ಪೆಂಡಲ್ ಹಿಲ್ಲಿನ ಅಂಗಡಿಯಿಂದ ತಂದ ಸ್ಟಿಕ್ಕರ್ ಬೊಟ್ಟಿನಲ್ಲಿ ದೊಡ್ಡದೊಂದನ್ನು ತೆಗೆದು ಆ ಮೂಲೆಗೆ ಅಂಟಿಸಿದೆ. ಆಟದ ನಡುವೆ ಆ ಮೂಲೆಗೆ ಓಡಿ ಬಂದ ಹುಡುಗರೆಲ್ಲ ಒಂದು ಗಳಿಗೆ ಬೊಟ್ಟಿಟ್ಟುಕೊಂಡ ಹಾಗೆ ಕಾಣುತ್ತಿದ್ದರು.

ಆ ಮೊದಲ ಪಂದ್ಯದಲ್ಲಿ ನಮ್ಮ ಗೋಲಿ ಎರಡು ಪೆನಾಲ್ಟಿ ಹಿಡಿದು ಗೆಲ್ಲಿಸಿದ್ದ. ಬಾಯಿ ಬಿಡಬಾರದು, ಬಿಡಲಿಲ್ಲ. ಅಡಿಗೆಮನೆಗೆ ಹೋಗಿ ತಿಂಡಿಗೆ ಬಾಣಲೆ ಇಟ್ಟೆ. ಹುಡುಗಿ ಮೆಟ್ಟಿಲು ಇಳಿಯುತ್ತಾ ಅರ್ಧಕ್ಕೇ ನಿಂತಳು. ಮೂಗು ಎತ್ತಿದಳು.

"ಅಜ್ಜಿ. ಕೇಸರಿಭಾತ್ ಮಾಡ್ತಿದೀಯಾ?"

"ಹೂಂ. ಯಾಕೆ?"

"ಬುಧವಾರ? ಬೆಳಗ್ಗೆ ಐದೂವರೆಗೆ? ಗೆದ್ದಿದಾರೆ ಅಂತ ಹೇಳ್ಬಿಟ್ಯಲ್ಲ!"

ಹೌದು, ನಮ್ಮ ಮನೆಯಲ್ಲಿ ಒಳ್ಳೆಯ ಸುದ್ದಿ ಬಂದರೆ ರವೆ ತುಪ್ಪಕ್ಕೆ ಬೀಳುತ್ತದೆ. ಇಲ್ಲೇ ನೆಲೆಸಲು ಪಿಆರ್ ಬಂದ ದಿನವೂ ಅದೇ, ಅಳಿಯಂದಿರಿಗೆ ಕೆಲಸ ಸಿಕ್ಕ ದಿನವೂ ಅದೇ. ಅದು ಯೋಚನೆ ಮಾಡಿ ಮಾಡುವುದಲ್ಲ, ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಬಾಯಿಗೆ ಬೀಗ ಹಾಕಿದ್ದೆ, ಕೈಯನ್ನು ಮರೆತಿದ್ದೆ.

ಎಂಟು ಟೀಮುಗಳ ಪಂದ್ಯದ ಬೆಳಗ್ಗೆ ಹುಷಾರಾದೆ. ಅವರು ಗೆದ್ದೇ ಇದ್ದರು, ಎರಡು ಒಂದು. ನಾನು ಉಪ್ಪಿಟ್ಟು ಮಾಡಿದೆ, ಈರುಳ್ಳಿ ಕೂಡ ಕಮ್ಮಿ. ಹುಡುಗಿ ಬಂದು ಬಾಣಲೆಗೆ ಇಣುಕಿ ಸಪ್ಪಗಾದಳು. "ಓಕೆ. ಸೋತ್ರು" ಎಂದು ಸೋಫಾದಲ್ಲಿ ಮುದುಡಿ ಕೂತಳು. ಒಂದೂವರೆ ಗಂಟೆ ಹೆಣ ಕಾಯುವವಳ ಹಾಗೆ ಆಟ ನೋಡಿದಳು. ಕೊನೆಯಲ್ಲಿ ಸೀಟಿ ಊದಿದಾಗ ದಿಂಬು ತೆಗೆದು ನನಗೇ ಹೊಡೆದಳು.

"ಇನ್ಮೇಲೆ ನಿನ್ನ ಕಿಚನ್ ನಂಬಲ್ಲ."

"ನಂಬಬೇಡ. ಟ್ಯಾಬ್ ನಂಬು."

"ನೆಕ್ಸ್ಟ್ ಟೈಮ್ ಎರಡೂ ಮಾಡು. ಚೌಚೌಭಾತ್. ಆಗ ಗೊತ್ತಾಗಲ್ಲ."

ಖಾರಾಭಾತು ಒಂದು ಕಡೆ, ಕೇಸರಿಭಾತು ಒಂದು ಕಡೆ. ಬೆಂಗಳೂರಿನ ಹೋಟೆಲಿನಲ್ಲಿ ಒಮ್ಮೆ ತಿಂದದ್ದನ್ನು ಹುಡುಗಿ ಮರೆತಿರಲಿಲ್ಲ. ನ್ಯಾಯವಾಗಿದೆ ಅನ್ನಿಸಿತು, ಒಪ್ಪಿಕೊಂಡೆ.

ಸೆಮಿಫೈನಲ್ಲಿಗೆ ಮುಂಚೆ ನಮ್ಮ ಮನೆ ಬದಲಾಯಿತು. ಅಳಿಯಂದಿರ ಆಫೀಸು ಅವರನ್ನು ಮೆಲ್ಬರ್ನಿಗೆ ಹಾಕಿತು. ಏಪ್ರಿಲ್ ರಜೆಯಲ್ಲಿ ಸಾಮಾನು ಕಟ್ಟಿ ಟಾರ್ನೀಟಿನಲ್ಲಿ ಒಂದು ರೆಂಟಿನ ಮನೆಗೆ ಬಂದೆವು. ಗರಾಜಿನ ಚೀಲವನ್ನು ಯಾರೂ ಬೇಕು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನೇ ಅಕ್ಕಿ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಿ ತಂದೆ.

ಹೊಸ ಊರಿನಲ್ಲಿ ಹುಡುಗಿಗೆ ಸ್ನೇಹಿತರಿಲ್ಲ. ಇಡೀ ದಿನ ಬಾಗಿಲು ಹಾಕಿಕೊಂಡು ಫೋನು. ಹತ್ತಿರದ ಒಂದು ಕ್ಲಬ್ಬಿನಲ್ಲಿ ಹುಡುಗಿಯರ ಟೀಮಿಗೆ ಗೋಲ್‌ಕೀಪರ್ ಬೇಕಾಗಿದೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಟ್ರಯಲ್ ಇದೆ ಎಂದು ಮಗಳು ಹುಡುಕಿ ತಂದಳು. ಹುಡುಗಿ ಹೋಗಲ್ಲ ಅಂದಳು. ಮಗಳು ಅತ್ತಳು. ಅಳಿಯಂದಿರು ಬುದ್ಧಿ ಹೇಳಿದರು. ಕೊನೆಗೆ ಅವಳೇ ಒಂದು ಷರತ್ತು ಹಾಕಿದಳು.

"ನಮ್ಮ ಗೋಲಿ ಸೆಮೀಸ್ ಗೆದ್ರೆ ಹೋಗ್ತೀನಿ. ಸೋತ್ರೆ ಇನ್ ಯಾವತ್ತೂ ಕೇಳ್ಬಾರ್ದು."

ಆ ಪಂದ್ಯದ ರೆಕಾರ್ಡಿಂಗ್ ಬರುವುದೂ ಅದೇ ಶನಿವಾರ ಬೆಳಗ್ಗೆ. ಅವಳು ಆಡುವುದೂ ಬಿಡುವುದೂ ಗುರುತಿಲ್ಲದ ಊರಿನ ಹನ್ನೊಂದು ಹುಡುಗರ ಕಾಲಿಗೆ ಹೋಯಿತು.

ಶನಿವಾರ ಎದ್ದು ಟ್ಯಾಬು ತೆರೆದೆ. ಒಂದು ಒಂದು. ಪಕ್ಕದಲ್ಲಿ ಚಿಕ್ಕದಾಗಿ ಪೆನಾಲ್ಟಿಯ ಅಂಕಿ, ಮೂರು ನಾಲ್ಕು. ಮೂರು ನಮ್ಮದು.

ಮಗಳು ನೀರು ಕುಡಿಯಲು ಬಂದವಳು ನನ್ನನ್ನು ನೋಡಿದಳು. ಗೋಡೆ ಬಿರುಕು ಬಿಟ್ಟಿತ್ತೋ ಏನೋ, ಅವಳಿಗೆ ಗೊತ್ತಾಯಿತು.

"ಅಮ್ಮಾ, ರೆಕಾರ್ಡಿಂಗ್ ಇನ್ನೂ ಬಂದಿಲ್ಲ ಅಂತ ಹೇಳ್ಬಿಡು. ಟ್ರಯಲ್ ಮುಗಿಸಿಕೊಂಡು ಬಂದ್ಮೇಲೆ ನೋಡ್ಲಿ."

"ಸುಳ್ಳು ಹೇಳಲ್ಲ."

"ನಿಜ ಹೇಳಿ ಏನಾಯ್ತು ಹೋದ ವರ್ಷ?"

ಬೊಟ್ಟು ಅಂಟಿಸಿ, ಆಟವನ್ನು ಮೊದಲಿಗೆ ತಂದು ನಿಲ್ಲಿಸಿ, ಮಾತು ಕೊಟ್ಟ ಹಾಗೆ ಎರಡು ಬಾಣಲೆ ಇಟ್ಟೆ. ಒಂದರಲ್ಲಿ ಖಾರ, ಒಂದರಲ್ಲಿ ಸಿಹಿ. ಈ ಸಲ ಯಾವ ಮೂಗಿಗೂ ಏನೂ ಗೊತ್ತಾಗುವಂತಿರಲಿಲ್ಲ.

ಹುಡುಗಿ ಬಂದು ತಟ್ಟೆ ಹಿಡಿದು ಕೂತಳು. ಆಟ ಶುರು ಮಾಡಲು ಬೆರಳು ಎತ್ತಿದವಳು ಚಮಚದಿಂದ ಕೇಸರಿಭಾತನ್ನು ಕೆದಕಿದಳು. ಒಂದು ಗೋಡಂಬಿ ಪಕ್ಕಕ್ಕಿಟ್ಟಳು. ಇನ್ನೊಂದು. ಆರನೆಯದಕ್ಕೆ ಬೆರಳು ಇಳಿಸಿದಳು.

"ಅಜ್ಜಿ. ಸೋತ್ರು ಅಲ್ವಾ?"

ನಾನು ಬಾಣಲೆ ತಿಕ್ಕಲು ತೆಗೆದುಕೊಂಡೆ.

"ನನ್ ಕೈ ಮುರಿದಾಗ ಪೊಂಗಲ್‌ಗೂ ಹಿಂಗೇ ಹಾಕಿದ್ದೆ. ಡ್ಯಾಡಿ ಕೆಲಸ ಹೋದಾಗ್ಲೂ ಹಿಂಗೇ. ಯಾರಿಗಾದ್ರೂ ಬೇಜಾರಾದ್ರೆ ಗೋಡಂಬಿ ಜಾಸ್ತಿ ಹಾಕ್ತೀಯ. ನಿಂಗೆ ಗೊತ್ತೇ ಇಲ್ವಾ?"

ನಿಜವಾಗಿಯೂ ಗೊತ್ತಿರಲಿಲ್ಲ. ಅರವತ್ತೊಂಬತ್ತು ವರ್ಷದ ಕೈ ಏನು ಮಾಡುತ್ತದೆಂದು ನನಗೆ ಹೇಳಿದ್ದು ಹದಿನೈದರ ಹುಡುಗಿ.

"ಪೆನಾಲ್ಟೀಲಿ" ಅಂದೆ. ಇನ್ನು ಮುಚ್ಚಿಡಲು ಏನಿತ್ತು? ಬೊಟ್ಟನ್ನೂ ಕಿತ್ತು ನನ್ನ ಹಣೆಗೆ ಅಂಟಿಸಿಕೊಂಡೆ.

ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ತಿನ್ನುತ್ತಾ ಆಟ ಶುರು ಮಾಡಿದಳು. ಆದರೆ ನೋಡುವ ರೀತಿಯೇ ಬೇರೆಯಾಗಿತ್ತು. ಗೆಲ್ಲುತ್ತಾರೋ ಇಲ್ಲವೋ ಎಂಬ ಚಿಂತೆ ಇಲ್ಲವಲ್ಲ, ಚೆಂಡು ಆ ತುದಿಯಲ್ಲಿದ್ದಾಗ ಮುಂದಕ್ಕೆ ಓಡಿಸಿಬಿಡುತ್ತಿದ್ದಳು. ನಮ್ಮ ಗೋಲಿ ಕಂಡಾಗ ನಿಲ್ಲಿಸುತ್ತಿದ್ದಳು, ಹಿಂದಕ್ಕೆ ತಂದು ಇನ್ನೊಮ್ಮೆ ನೋಡುತ್ತಿದ್ದಳು.

"ನೋಡಜ್ಜಿ, ಅವನ ಕಾಲು. ಬೀಳೋಕೆ ಮುಂಚೆ ಒಂದು ಚಿಕ್ಕ ಹೆಜ್ಜೆ ಇಡ್ತಾನೆ. ನಂಗೂ ಅದೇ ಹೇಳ್ಕೊಟ್ಟಿದ್ದ. ನಾನು ಇಡಲ್ಲ."

"ಎಡಕ್ಕೂ ಇಡ್ತಾನಾ?" ಎಂದು ಕೇಳಿಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವಳು ಹಿಂದಕ್ಕೆ ತಂದು ತೋರಿಸಿದಳು. ಇಡುತ್ತಿದ್ದ.

ಪೆನಾಲ್ಟಿಗಳು ಬಂದವು. ಒಂದನ್ನು ಬಲಕ್ಕೆ ಬಿದ್ದು ತಡೆದ. ಕೊನೆಯದು ಎಡಕ್ಕೆ. ಎಡಕ್ಕೇ ಬಿದ್ದ, ಚೆಂಡಿಗೆ ಬೆರಳೂ ತಾಗಿತು, ಆದರೂ ಒಳಗೆ ಹೋಯಿತು. ಅವನ ಟೀಮಿನವರು ಮೈದಾನದಲ್ಲಿ ಅಲ್ಲಲ್ಲೇ ಕೂತರು. ಅವನು ಎದ್ದು ಆ ಕಡೆಯ ಗೋಲ್‌ಕೀಪರಿಗೆ ಕೈಕೊಟ್ಟು ಬಂದ. ಬಲೆಯ ಹತ್ತಿರ ಇಟ್ಟಿದ್ದ ತನ್ನ ಟವೆಲು, ನೀರಿನ ಬಾಟಲಿ ಎತ್ತಿಕೊಂಡ. ಅಷ್ಟು ಸೋತರೂ ಟವೆಲು ಮರೆಯಲಿಲ್ಲ. ಯಾರೋ ಚೆನ್ನಾಗಿ ಬೆಳೆಸಿದ್ದಾರೆ.

ನಮ್ಮವಳು ಆ ಕೊನೆಯ ಚೆಂಡನ್ನು ನಾಲ್ಕು ಸಲ ನೋಡಿದಳು. ಆಮೇಲೆ ತಟ್ಟೆ ತೊಳೆದಿಟ್ಟಳು. ಹೋಗುತ್ತೇನೆ ಅನ್ನಲಿಲ್ಲ, ಹೋಗುವುದಿಲ್ಲ ಅನ್ನಲಿಲ್ಲ. ನಾನೂ ಕೇಳಲಿಲ್ಲ. ನನ್ನ ಬಾಯಿ ಒಂದು ಸಲ ಕೆಡಿಸಿದ್ದು ಸಾಕಾಗಿತ್ತು. ಮಗಳು ಕೇಳಲು ಹೊರಟಾಗ ಅವಳ ಕೈಗೆ ಕೊತ್ತಂಬರಿ ಕಟ್ಟು ಕೊಟ್ಟು ಬಿಡಿಸು ಅಂದೆ.

ಎರಡು ಗಂಟೆಗೆ ಹುಡುಗಿ ಅಡಿಗೆಮನೆ ಬಾಗಿಲಿಗೆ ಬಂದಳು.

"ಅಜ್ಜಿ, ನನ್ ಗ್ಲವ್ಸ್ ಸಿಡ್ನೀಲೇ ಬಿಟ್ವಾ?"

"ಅಕ್ಕಿ ಡಬ್ಬಿ ಹಿಂದೆ ಇದೆ."

"ಅಕ್ಕಿ ಡಬ್ಬಿ ಹಿಂದೆ ಯಾಕೆ?"

"ಇನ್ನೆಲ್ಲಿ ಇಡ್ಲಿ? ದೇವರ ಮುಂದೆ ಇಡ್ಲಾ?"

ನಕ್ಕಳು. ಅವಳಪ್ಪ ಕಾರು ತೆಗೆದರು. ನಾನು ಹೋಗಲಿಲ್ಲ. ಹಿಂದಿನ ರಾತ್ರಿ ಮಳೆ ಬಂದು ನೆಲ ಒದ್ದೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಅಲ್ಲಿದ್ದರೆ ಅವಳು ಎಡಗಡೆ ನೋಡುವಾಗಲೆಲ್ಲ ನಾನು ಕಾಣುತ್ತೇನೆ.

ಕತ್ತಲಾಗುವ ಮುಂಚೆ ಬಂದರು. ಸ್ನಾನಕ್ಕೆ ಹೋಗುತ್ತಾ ಅಂಗಿಯನ್ನು ಲಾಂಡ್ರಿಯಲ್ಲಿ ಬಿಟ್ಟಳು. ಮೆಷಿನ್ ಇದೆ, ಆದರೆ ಆಟದ ಬಟ್ಟೆಯನ್ನು ನಾನು ಮೆಷಿನ್ನಿಗೆ ಕೊಡುವವಳಲ್ಲ. ಬಕೆಟ್ಟಿಗೆ ನೀರು ಬಿಟ್ಟು ಅಂಗಿಯನ್ನು ಬಿಡಿಸಿ ಹಿಡಿದೆ. ಬಲಗಡೆ ಹುಲ್ಲಿನ ಹಸಿರು. ಎಡಗಡೆ ಮೊಣಕೈ, ಪಕ್ಕೆ, ಹೆಗಲು, ಕತ್ತಿನ ಪಟ್ಟಿಯವರೆಗೂ ಕೆಸರು.

ತಲೆ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತಳು.

"ತಗೊಂಡ್ರಾ?" ಅಂದೆ.

"ವೆನ್ಸ್‌ಡೇ ಈಮೇಲ್ ಮಾಡ್ತಾರಂತೆ. ಗೊತ್ತಿಲ್ಲ. ಆರು ಗೋಲ್ ಬಿಟ್ಟೆ."

"ಎಡಕ್ಕೆ ಎಷ್ಟು?"

"ನಾಲ್ಕು. ಬಟ್ ಐ ಡೈವ್ಡ್, ಅಜ್ಜಿ."

"ಗೊತ್ತು."

"ಹೆಂಗೆ ಗೊತ್ತು? ನೀನು ಬಂದೇ ಇರ್ಲಿಲ್ವಲ್ಲ."

ಅಂಗಿಯನ್ನು ಎತ್ತಿ ತೋರಿಸಿದೆ. ಅವಳು ಹತ್ತಿರ ಬಂದು ಕೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೆಳಗಿನ ಕೇಸರಿಭಾತು ಉಳಿದಿದೆಯಾ ಎಂದು ಕೇಳಿದಳು. ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೋ ಅಂದೆ.

ಮೆಲ್ಬರ್ನಿನ ಈ ಕಡೆಯ ಮಣ್ಣು ಕಪ್ಪು, ಅಂಟು. ಬೆಂಗಳೂರಿನ ಕೆಮ್ಮಣ್ಣಿನ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಎಡಗಡೆಗೆ ಎರಡು ಸಲ ಸೋಪು ಹಾಕಿ ಉಜ್ಜಬೇಕಾಯಿತು.