ಭಾವನ ಮಶಿನ್ನೂ ಎರಡು ಪಿನ್ನಿನ ಪ್ಲಗ್ಗೂ

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಗಜೇಂದ್ರಗಡದ ಹಾಲ್‌ ಒಂದರಲ್ಲಿ ನಾವೆಲ್ಲ ನಗುತ್ತಿದ್ದೆವು. ನಮ್ಮ ಎದುರಿಗೇ ನನ್ನ ಭಾವ ಸಾಯುತ್ತಿದ್ದರು.

ಭಾವನದು ಸೀರೆ ವ್ಯಾಪಾರ. ಹುಚ್ಚು ಮಾತ್ರ ಹಳೆಯ ಪಿನ್‌ಬಾಲ್ ಮಶಿನ್ನಿನದು. (ಗಾಜಿನ ಕೆಳಗೆ ಉಕ್ಕಿನ ಗುಂಡು ಓಡುತ್ತದೆ, ಬಟನ್ ಒತ್ತಿ ಅದು ಕೆಳಗೆ ಬೀಳದಂತೆ ಹೊಡೆಯುತ್ತಿರಬೇಕು. ಅಷ್ಟೇ ಆಟ.) ಹಳೆಯ ಮಶಿನ್ನುಗಳ ಪ್ರದರ್ಶನಕ್ಕೆಂದು ಅದನ್ನು ಅವರು ಹದಗೊಳಿಸುವುದನ್ನು ನೋಡಬೇಕು. ಇಳಿಜಾರು ಕಡಿಮೆಯಾದರೆ ಗುಂಡು ತೂಕಡಿಸುತ್ತದೆ, ಹೆಚ್ಚಾದರೆ ಆಟ ಬೇಗ ಮುಗಿಯುತ್ತದೆ. ಕಾಲುಗಳ ತಿರುಪು ತಿರುಗಿಸುವುದು, ಗುಂಡು ಬಿಟ್ಟು ನೋಡುವುದು, ಮತ್ತೆ ತಿರುಗಿಸುವುದು. ಹಲಗೆಗೆ ಮೇಣ ಉಜ್ಜಿದರು, ಸಡಿಲಾದ ರಬ್ಬರ್ ಬದಲಿಸಿದರು. ಹಳೆಯ ವೈರು, ಎರಡು ಪಿನ್ನಿನ ಪ್ಲಗ್ ಮಾತ್ರ ಮುಟ್ಟಲಿಲ್ಲ.

"ಒರಿಜಿನಲ್ ಐತಿ, ಇರ್ಲಿ ಬಿಡು" ಅಂದರು.

ನಂತರ ಪೂಜೆ. ಪೂಜೆ ಇಲ್ಲದೆ ನಾವು ಯಾವ ಮಶಿನ್ನಿಗೆ ಸ್ವಿಚ್ ಹಾಕಿದ್ದೇವೆ? ಭಾವ ಚಪ್ಪಲಿ ಬಿಟ್ಟು, ಮಶಿನ್ನಿನ ಮುಂದೆಯೇ ಕಾಯಿ ಒಡೆದರು. ಆ ನೀರಿನಲ್ಲೇ ಬರಿಗಾಲಲ್ಲಿ ನಿಂತು, ಆಟ ಶುರು ಮಾಡಿ, ಮುಂದಿನ ಕಬ್ಬಿಣದ ಪಟ್ಟಿ ಹಿಡಿದರು.

ಮೈ ಅಲುಗಿತು. ಮಶಿನ್ನೂ ಅಲುಗಿತು. ಗುಂಡಿನ ದಾರಿ ತಪ್ಪಿಸಲು ಆಡುವವರು ಮಶಿನ್ನನ್ನು ತುಸು ನೂಕುವುದು ರೂಢಿ. (ಜಾಸ್ತಿ ನೂಕಿದರೆ ಆಟ ತಾನೇ ನಿಂತುಬಿಡುತ್ತದೆ.) ಭಾವನೂ ಹಾಗೇ ನೂಕುತ್ತಿದ್ದಾರೆ ಅಂದುಕೊಂಡೆವು.

"ಸಾವ್ಕಾರ್ರ, ಸಾವಕಾಶ್ರಿ. ಮಶಿನ್ ಸಿಟ್ಟಾಕ್ಕೈತಿ" ಅಂದರು ರೋಣದಿಂದ ಬಂದಿದ್ದ ಅವರ ಗೆಳೆಯರು.

ನಕ್ಕೆವು. ನಾನೂ ನಕ್ಕೆ.

ಅಕ್ಕ ನಗಲಿಲ್ಲ. ಓಡಿಹೋಗಿ ಪ್ಲಗ್ ಕಿತ್ತಳು. ಭಾವ ಕುಸಿದರು.

"ಒಂದಕ್ಕ ನಾಕ್ ಮಾತಾಡೋ ಮನಷ್ಯಾ, ತಿರುಗಿ ಒಂದ್ ಮಾತ್ ಅನ್ಲಿಲ್ಲ. ಅದಕ್ಕ ಅಂಜಿಕಿ ಬಂತು" ಅಂದಳು ದವಾಖಾನೆಯಲ್ಲಿ.

ವೈರು ಒಳಗೆಲ್ಲೋ ಸವೆದು, ಕರೆಂಟು ಕಬ್ಬಿಣಕ್ಕೆ ಇಳಿದಿತ್ತು. ಭಾವನ ಅಂಗೈ ಸುಟ್ಟಿತ್ತು, ಜೀವ ಉಳಿದಿತ್ತು. ನನಗೆ ಮಾತ್ರ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ನಮ್ಮ ನಗು ಕೇಳುತ್ತಿತ್ತು. ಅಕ್ಕನೂ ಭಾವನ ಉಸಿರು ಆಲಿಸುತ್ತಾ ಎಚ್ಚರವಾಗಿರುತ್ತಿದ್ದಳು.

ಮುಂದಿನ ಪ್ರದರ್ಶನ ನರಗುಂದದಲ್ಲಿ. ಭಾವ ಅದೇ ವೈರಿಗೆ ಟೇಪ್ ಸುತ್ತತೊಡಗಿದರು. "ಹೊಸಾ ವೈರ್ ಹಾಕಿದ್ರ ಹಳೇ ಮಶಿನ್ ಅಂತ ಹ್ಯಾಂಗ ಅನ್ನೂದು?"

"ನೀವೂ ಒರಿಜಿನಲ್ ಅದೀರಿ" ಅಂದಳು ಅಕ್ಕ. "ನಿಮ್ಮ ಸ್ಪೇರ್ ಎಲ್ಲಿ ಸಿಗತೈತಿ, ಹೇಳ್ರಿ."

ಭಾವ ಟೇಪ್ ಕೆಳಗಿಟ್ಟರು. ಹೊಸ ವೈರು, ಮೂರು ಪಿನ್ನಿನ ಪ್ಲಗ್ ಬಂತು. ಕರೆಂಟು ಸೋರಿದರೆ ನೆಲಕ್ಕೆ ಇಳಿಯಲೆಂದು ಮಶಿನ್ನಿನ ಕಬ್ಬಿಣಕ್ಕೆಲ್ಲ ಅರ್ಥಿಂಗ್ ಆಯಿತು. ನರಗುಂದದಲ್ಲಿ ಪೂಜೆಯೂ ಆಯಿತು. ಆಮೇಲೆ ನೆಲ ಒರೆಸಿ, ಚಪ್ಪಲಿ ಮೆಟ್ಟಿಕೊಂಡೇ ಸ್ವಿಚ್ ಹಾಕಿದರು. ಸಂಜೆಯವರೆಗೂ ಜನ ಸಾಲುಗಟ್ಟಿ ಆಡಿದರು.

ಆ ರಾತ್ರಿ ಅಕ್ಕನೂ ನಾನೂ ಬೆಳಗಾಗುವ ತನಕ ಮಲಗಿದೆವು. ಹೊಸ ವೈರು ಮಶಿನ್ನಿನ ಅಂದ ಕೆಡಿಸಿತೆಂದು ಭಾವ ಇಂದಿಗೂ ಕೊರಗುತ್ತಾರೆ.

ಕೊರಗಲಿ ಬಿಡಿ, ಕೊರಗುವುದಕ್ಕಾದರೂ ಇದ್ದಾರಲ್ಲ?