ಬಡ್ಡಿ, ಬಾಡಿಗೆ ಮತ್ತು ಶಿವಾನಂದರ ಡೈಯಿಂಗ್ ಘಟಕ

2008ರ ದೀಪಾವಳಿಯ ಹೊತ್ತಿಗೆ ನಾನು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಬ್ಯಾಂಕಿನ ಶಾಖಾ ವ್ಯವಸ್ಥಾಪಕಿಯಾಗಿದ್ದೆ. ಸುತ್ತಲಿನ ಕಾರ್ಖಾನೆಗಳಲ್ಲಿ ನೇಯ್ದ ಟವೆಲುಗಳು ಅಮೇರಿಕಾ, ಯುರೋಪಿನ ಅಂಗಡಿಗಳಿಗೆ ಹೋಗುತ್ತಿದ್ದವು. ಆ ವರ್ಷ ಅಮೇರಿಕಾದ ದೊಡ್ಡ ಬ್ಯಾಂಕುಗಳು ಕುಸಿದಾಗ ಇಲ್ಲಿ ನಮಗೆ ಮೊದಲು ತಿಳಿದದ್ದು ಒಂದೇ ಸಂಗತಿ: ಆರ್ಡರುಗಳು ಬರುವುದು ನಿಂತಿತು.

ನನ್ನ ಶಾಖೆಯಲ್ಲಿ ಹೆಚ್ಚು ಪೆಟ್ಟು ತಿಂದವರು ಶಿವಾನಂದ. ಹಳೆಯ ಬಟ್ಟೆ ವ್ಯಾಪಾರಿ ಮನೆತನದವರು. ಹಿಂದಿನ ವರ್ಷವಷ್ಟೇ ನಮ್ಮಿಂದ ಟರ್ಮ್ ಲೋನ್, ಅಂದರೆ ಯಂತ್ರಕ್ಕಾಗಿ ಕಂತಿನ ಸಾಲ ಪಡೆದು, ಟವೆಲಿಗೆ ಬಣ್ಣ ಹಾಕುವ ಡೈಯಿಂಗ್ ಘಟಕ ಹಾಕಿದ್ದರು. ಈಗ ಬಣ್ಣ ಹಾಕಲು ಅವರ ಬಳಿ ಮಾಲೇ ಇರಲಿಲ್ಲ. ಕಂತು ತೊಂಬತ್ತು ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಸಾಲಿಗೆ ಸೇರುತ್ತದೆ. ಆಮೇಲೆ ಯಂತ್ರದ ಜಪ್ತಿಯವರೆಗೂ ಹೋಗಬಹುದು.

ಅವರ ಪಕ್ಕದ ಗೋಡೆಯಾಚೆ ಗನಿಭಾಯ್ ಅವರ ಮಗ್ಗಗಳಿದ್ದವು. ಅವೂ ನಿಧಾನವಾಗಿದ್ದವು, ಆದರೆ ನಿಂತಿರಲಿಲ್ಲ. ಗನಿಭಾಯ್ ನಮ್ಮಲ್ಲಿ ಚಾಲ್ತಿ ಖಾತೆ ಮಾತ್ರ ಇಟ್ಟಿದ್ದರು. ಬಡ್ಡಿ ಕೊಡುವುದೂ ತೆಗೆದುಕೊಳ್ಳುವುದೂ ಅವರ ಧರ್ಮದಲ್ಲಿ ನಿಷಿದ್ಧವೆಂದು ಎಂದೂ ಸಾಲ ಕೇಳಿದವರಲ್ಲ. ನಾನೂ ವ್ಯಾಪಾರಿ ಮನೆಯಲ್ಲಿ ಬೆಳೆದವಳು. ಸಾಲವಿಲ್ಲದೆ ಕಾರ್ಖಾನೆ ಹೇಗೆ ನಡೆಯುತ್ತದೆ ಎಂಬ ಕುತೂಹಲ ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ.

“ನಂದು ಒಬ್ಬಂದ ಅಲ್ರಿ ಮ್ಯಾಡಮ್. ಮನಿಮಂದಿ, ಬೀಗರು ಎಲ್ಲಾರ ರೊಕ್ಕಾ ಅದ. ಲಾಭ ಬಂದ್ರ ಹಂಚ್ಕೋತೀವಿ, ನುಕ್ಸಾನ್ ಆದ್ರ ಅದನ್ನೂ ಹಂಚ್ಕೋತೀವಿ. ನಮ್ಮ ಫುಫ್ಫಿಗೆ ಕೇಳ್ರಿ, ಛಲೋ ತಿಳಿಸಿ ಹೇಳ್ತಾರ” ಎಂದರು. ಮುಂದಿನ ರವಿವಾರ ಅಕ್ಕಲಕೋಟದಲ್ಲಿ ಪಾಲುದಾರರ ಬೈಠಕ್ ಇತ್ತು. ಗನಿಭಾಯ್ ಹತ್ತಿರ ಬಣ್ಣ ಹಾಕದ ಕೋರಾ ಟವೆಲು ರಾಶಿ ಬಿದ್ದಿತ್ತು. ದೇಶದೊಳಗಿನ ಹೋಟೆಲುಗಳಿಗೆ ಬಣ್ಣದ ಟವೆಲು ಮಾರುವ ಯೋಚನೆ ಅವರಿಗಿತ್ತು. ಹೀಗಾಗಿ ಶಿವಾನಂದರನ್ನೂ ಕರೆದುಕೊಂಡು ಹೋದೆ.

ಗನಿಭಾಯ್ ಹೇಳಿದ ಫುಫ್ಫಿ, ಅಂದರೆ ಅವರ ಸೋದರತ್ತೆಯನ್ನು ಊರವರೆಲ್ಲ ಜುಬೇದಾ ಆಪಾ ಎನ್ನುತ್ತಿದ್ದರು. ಉರ್ದು ಶಾಲೆಯ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದವರು, ಪಾಲುದಾರರಲ್ಲಿ ಹಿರಿಯರು. ಚಹಾ ಕೊಟ್ಟ ಮೇಲೆ ಅವರೇ ಮೊದಲ ಪ್ರಶ್ನೆ ಹಾಕಿದರು: “ಅಮೇರಿಕಾದಾಗ ಬ್ಯಾಂಕಿನವರು ಮಾಡಿದ್ದಾದ್ರೂ ಏನು? ಪೇಪರದಾಗ ದಿನಾ ಓದ್ತೀನಿ, ತಿಳಿವಲ್ದು.”

ನನಗೆ ಗೊತ್ತಿದ್ದಷ್ಟು ಹೇಳಿದೆ. ತೀರಿಸುವ ಶಕ್ತಿ ಇಲ್ಲದವರಿಗೂ ಮನೆ ಕೊಳ್ಳಲು ಸಾಲ ಕೊಟ್ಟರು. ಆ ಸಾಲಗಳನ್ನು ಒಟ್ಟುಗೂಡಿಸಿ ಬಾಂಡು ಮಾಡಿ ಬೇರೆಯವರಿಗೆ ಮಾರಿದರು. ಕೊಂಡವರು ಮತ್ತೊಬ್ಬರಿಗೆ ಮಾರಿದರು. ಮನೆಗಳ ಬೆಲೆ ಇಳಿದಾಗ ನಷ್ಟ ಯಾರ ಕೈಯಲ್ಲಿದೆ ಎಂದೇ ತಿಳಿಯದೆ ಎಲ್ಲರೂ ಎಲ್ಲರನ್ನೂ ಸಂಶಯದಿಂದ ನೋಡತೊಡಗಿದರು.

ಆಪಾ ಕಪ್ಪು ಕೆಳಗಿಟ್ಟು ಹೇಳಿದರು: “ಸಾಲ ಕೊಟ್ಟಾಂವ ಮಾರಿ ಕೈ ತೊಳಕೊಂಡ. ಮನಿ ಮುಳುಗಿದ್ರ ಅವಗ ಪೆಟ್ಟಿಲ್ಲ. ಹಂಗಿದ್ದಮ್ಯಾಲ ಅಂವ ಯಾಕ ನೋಡಿ ಕೊಡ್ತಾನ್ರಿ? ನುಕ್ಸಾನ್ ಹೊರಲಾರದಂವಗ ಲಾಭಾ ಕೇಳೂ ಹಕ್ಕಿಲ್ಲ ಅಂತದ ನಮ್ಮ ಧರ್ಮ.”

ಆ ವರ್ಷ ಪಾಲುದಾರರಿಗೆ ಏನೂ ಸಿಕ್ಕಿರಲಿಲ್ಲ. ಆಪಾ ಸಹ ಪಿಂಚಣಿಯಲ್ಲೇ ಕೈ ಬಿಗಿಹಿಡಿದು ನಡೆಸುತ್ತಿದ್ದರು. ಅದಕ್ಕೇ ಕೇಳಿದೆ: “ನಮ್ಮ ಬ್ಯಾಂಕಿನ್ಯಾಗ ಎಫ್‌ಡಿ ಇಟ್ಟಿದ್ರ ನಿಮಗ ಈ ವರ್ಷಾನೂ ಬಡ್ಡಿ ಬರ್ತಿತ್ತಲ್ರಿ, ಆಪಾ?”

“ಬರ್ತಿತ್ತು. ಯಾರ ಕಡಿಂದ ಬರ್ತಿತ್ತು?” ಎಂದು ಶಿವಾನಂದರ ಕಡೆ ನೋಡಿದರು.

ನಾನೂ ಸೋಲಲಿಲ್ಲ. “ಖರೆ. ಆದ್ರ ಸಾವಿರ ಮಂದಿ ಠೇವು ಇಟ್ಟಿದ್ದಕ್ಕನ ಇವರ ಡೈಯಿಂಗ್ ಎದ್ದು ನಿಂತದ. ಗುರ್ತು ಪರಿಚಯ ಇಲ್ಲದವರು ಇವರ ಕಾರ್ಖಾನಿಗೆ ಪಾಲುದಾರ ಆಗತಿದ್ರೇನು? ಈಗ ನಿಮಗ ಬಣ್ಣ ಹಾಕಾಕ ಅದ ಮಷಿನ್ ಬೇಕಾಗ್ಯದ.”

ಆಪಾ ನಕ್ಕರು. “ಅದೂ ಖರೆ ಅದ” ಎಂದರು.

ನಂತರ ವ್ಯವಹಾರದ ಮಾತಿಗೆ ಬಂದೆವು. ಶಿವಾನಂದರನ್ನು ಪಾಲುದಾರರಾಗಿ ಸೇರಿಸಿಕೊಳ್ಳಲು ಗನಿಭಾಯ್ ಸಿದ್ಧರಿದ್ದರು. ಆದರೆ ಶಿವಾನಂದರಿಗೆ ಲಾಭ ಬರುವತನಕ ಕಾಯುವ ಅನುಕೂಲವಿರಲಿಲ್ಲ. ಪ್ರತಿ ತಿಂಗಳು ಕಂತು ಕಟ್ಟಬೇಕಿತ್ತು. “ನನಗ ಮಷಿನ್‌ದು ತಿಂಗಳಾ ಬಾಡಿಗಿ ಕೊಡ್ರಿ, ಸಾಕು” ಎಂದರು. ಆಪಾ ಒಪ್ಪಿದರು. ನನಗೆ ಆಶ್ಚರ್ಯವಾಯಿತು. ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿದ ಬಾಡಿಗೆಗೂ ಬಡ್ಡಿಗೂ ಏನು ವ್ಯತ್ಯಾಸ ಎಂದು ಕೇಳಿದೆ.

“ಮಷಿನ್ ಕೆಟ್ಟು ನಿಂತ್ರ ಬಾಡಿಗಿ ನಿಲ್ತದ” ಎಂದರು ಆಪಾ. “ನಿಮ್ಮ ಬಡ್ಡಿ ನಿಲ್ತದೇನು?”

ಶಿವಾನಂದರ ಮುಖ ಸಣ್ಣದಾಯಿತು. ಆದರೂ ಬೇರೆ ದಾರಿಯಿಲ್ಲದೆ ಕರಾರಿಗೆ ಸಹಿ ಮಾಡಿದರು.

ಚಳಿಗಾಲದ ತಿಂಗಳುಗಳು ಚೆನ್ನಾಗಿಯೇ ಕಳೆದವು. ಪುಣೆ, ಹೈದರಾಬಾದಿನ ಸಗಟು ವ್ಯಾಪಾರಿಗಳು ಬಣ್ಣದ ಟವೆಲು ಎತ್ತಿದರು. ಕಂತುಗಳೂ ಬಂದವು. ಬೇಸಿಗೆ ಶುರುವಾಗುತ್ತಿದ್ದಂತೆ ಡೈಯಿಂಗ್ ಘಟಕದ ಬಾಯ್ಲರ್ ಟ್ಯೂಬುಗಳು ಸೋರತೊಡಗಿ, ಕೆಲಸ ನಿಂತಿತು. ರಿಪೇರಿಗೆ ಶಿವಾನಂದರ ಬಳಿ ಹಣವಿರಲಿಲ್ಲ. ಕರಾರಿನಂತೆ ಬಾಡಿಗೆಯೂ ನಿಂತಿತು. ನಮ್ಮ ಬಡ್ಡಿ ಓಡುತ್ತಲೇ ಇತ್ತು.

ಶಿವಾನಂದ ನನ್ನ ಕ್ಯಾಬಿನ್ನಿಗೆ ಬಂದು ಕುಳಿತರು. “ಅವರು ತಮ್ಮ ಧರ್ಮ ಪಾಲಿಸಿದ್ರು, ನೀವು ನಿಮ್ಮ ನಿಯಮಾ ಪಾಲಿಸಿದ್ರಿ. ಇಬ್ಬರದೂ ಬರೋಬರ್ ಅದ. ನಡುವ ನಾ ಸಾಯಾಕತ್ತೀನ್ರಿ ಮ್ಯಾಡಮ್” ಎಂದರು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ನಾನು ಅಂದೇ ಅಕ್ಕಲಕೋಟಕ್ಕೆ ಹೋದೆ. ಕೆಲಸ ನಿಂತ ತಿಂಗಳುಗಳಿಗೆ ಅರ್ಧ ಬಾಡಿಗೆಯನ್ನಾದರೂ ಕೊಡಿರೆಂದು ಕೇಳಿದೆ. “ಅದು ದಾನ ಆಗ್ತದ. ಅವರು ದಾನ ತಗೊಳ್ಳೂ ಮನಷ್ಯಾ ಅಲ್ಲ” ಎಂದರು ಆಪಾ. ಆಮೇಲೆ ತಾವೇ ಇನ್ನೊಂದು ಮಾತು ತೆಗೆದರು: “ಮಷಿನಿನಾಗ ಪಾಲು ಮಾರ್ತಾರೇನು ಕೇಳ್ರಿ. ನಾವೂ ಮಾಲಕರಾದ್ರ ರಿಪೇರಿ ಖರ್ಚು ನಮಗೂ ಬರ್ತದ, ನಿಂತಾಗಿನ ನುಕ್ಸಾನಾನೂ ಬರ್ತದ.”

ಶಿವಾನಂದ ಒಪ್ಪಿದರು. ಆದರೆ ಯಂತ್ರ ಬ್ಯಾಂಕಿಗೆ ಒತ್ತೆಯಾಗಿತ್ತು. ನಮ್ಮ ಅನುಮತಿಯಿಲ್ಲದೆ ಅದರ ಪಾಲು ಮಾರುವಂತಿರಲಿಲ್ಲ. ಜೊತೆಗೆ ಆಪಾ ಒಂದು ಷರತ್ತು ಹಾಕಿದರು: ತಮ್ಮ ಹಣ ಸಾಲದ ಅಸಲಿಗೆ ಮಾತ್ರ ಜಮೆಯಾಗಬೇಕು, ಬಡ್ಡಿಗೆ ಅಲ್ಲ. ನಮ್ಮ ಪದ್ಧತಿ ಅದಕ್ಕೆ ತದ್ವಿರುದ್ಧ. ಬಂದ ಹಣ ಮೊದಲು ಬಾಕಿ ಬಡ್ಡಿಗೆ ಹೋಗಬೇಕು. ಇದನ್ನು ಕೇಳಿದ ಶಿವಾನಂದ ತಮ್ಮ ಕಾರು ಮಾರಿ ಬಾಕಿ ಬಡ್ಡಿ ತುಂಬಿದರು. ಎಂಐಡಿಸಿಗೆ ಮೋಟಾರ್ ಸೈಕಲ್ಲಿನಲ್ಲಿ ಬರತೊಡಗಿದರು.

ಪ್ರಾದೇಶಿಕ ಕಚೇರಿಯ ಕಾನೂನು ಅಧಿಕಾರಿ ಪ್ರಸ್ತಾವ ಓದಿ, “ಇಂಥದ್ದು ಹಿಂದೆ ಯಾರಾದರೂ ಮಾಡಿದ್ದಾರೆಯೇ?” ಎಂದು ಕೇಳಿದರು. ಇಲ್ಲವೆಂದೆ. ಒತ್ತೆಯ ವಸ್ತು ಎಲ್ಲಿಗೂ ಹೋಗುವುದಿಲ್ಲ, ಸಾಲ ಕಡಿಮೆಯಾಗುತ್ತದೆ, ನಷ್ಟವಾದರೆ ಹೊರಲು ಇನ್ನೂ ಕೆಲವರು ಸೇರುತ್ತಾರೆ, ಜಪ್ತಿ ಮಾಡಿದರೆ ಈ ಮಂದಗತಿಯ ಮಾರುಕಟ್ಟೆಯಲ್ಲಿ ಆ ಯಂತ್ರವನ್ನು ಕೊಳ್ಳುವವರೇ ಇಲ್ಲ ಎಂದು ವಿವರಿಸಿದೆ. ಹೊಸ ಪಾಲುದಾರರು ಬ್ಯಾಂಕಿನ ಒತ್ತೆಯನ್ನು ಒಪ್ಪಿ ಬರೆದುಕೊಡಬೇಕೆಂಬ ಷರತ್ತಿನ ಮೇಲೆ ಮಂಜೂರಾತಿ ಬಂತು. ಉಳಿದ ಸಾಲದ ಕಂತನ್ನೂ ಇಳಿಸಿ, ಅವಧಿ ವಿಸ್ತರಿಸಿದೆವು. ಆ ಸಂಕಷ್ಟದ ಕಾಲದಲ್ಲಿ ಸಾಲಗಳನ್ನು ಹಾಗೆ ಮರುಹೊಂದಿಸಲು ಬ್ಯಾಂಕುಗಳಿಗೆ ಅವಕಾಶವಿತ್ತು.

ಬಾಯ್ಲರ್ ರಿಪೇರಿಯಾಗಿ ಘಟಕ ಮತ್ತೆ ನಡೆಯಿತು. ಎಲ್ಲರಿಗೂ ಒಳ್ಳೆಯದೇ ಆಯಿತೆಂದು ಹೇಳಲಾರೆ. ಪಾಲುದಾರರಲ್ಲೊಬ್ಬರಾದ ಗನಿಭಾಯ್ ಅವರ ಭಾವ ಬೇಸತ್ತು ತಮ್ಮ ಪಾಲು ಹಿಂತೆಗೆದುಕೊಂಡರು. ಅವರು ಹಾಕಿದ್ದಕ್ಕಿಂತ ಕಡಿಮೆ ಹಣ ಮರಳಿತು, ಮನೆಯಲ್ಲಿ ಕೆಲಕಾಲ ಮಾತೂ ನಿಂತಿತ್ತು. ಪಾಲುದಾರಿಕೆಯ ಬೆಲೆ ಅದು. ನಮ್ಮ ಠೇವಣಿದಾರರು ಅಂಥದ್ದನ್ನು ಅನುಭವಿಸಬೇಕಾಗಲಿಲ್ಲ. ನಮ್ಮ ವ್ಯವಸ್ಥೆಯ ಹಿರಿಮೆ ಅದೇ ಎಂದು ಇಂದಿಗೂ ನಂಬುತ್ತೇನೆ. ಶಿವಾನಂದರ ಸಾಲ ಪೂರ್ತಿ ತೀರುವ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು.

ಬಡ್ಡಿ, ಪಾಲುದಾರಿಕೆ ಎರಡರಲ್ಲಿ ಯಾವುದು ಸರಿ ಎಂದು ಈಗಲೂ ಕೆಲವರು ಕೇಳುತ್ತಾರೆ. ನಾನು ಬ್ಯಾಂಕಿನವಳು, ಬಡ್ಡಿಗೆ ಸಾಲ ಕೊಡುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅಪಾಯವೆಂಬುದು ಕಾಗದ ಬದಲಾಯಿಸಿದರೆ ಮಾಯವಾಗುವುದಿಲ್ಲ, ಯಾರದೋ ಮನೆಗೆ ಹೋಗಿ ಕೂರುತ್ತದೆ ಎಂಬುದನ್ನು ನೌಕರಿ ಕಲಿಸಿತು. ಅದು ಯಾರ ಮನೆ ಎಂದು ತಿಳಿದುಕೊಳ್ಳದೆ ಸಾಲದ ಅರ್ಜಿಗೆ ಸಹಿ ಹಾಕುವುದು ಆ ವರ್ಷದ ನಂತರ ನನ್ನಿಂದ ಆಗಲಿಲ್ಲ.